ನಿಂತ ಗಣಿ, ನಿಂತ ವಿಂಡೋಸ್

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ಸಿಗುತ್ತಿದೆಯೆಂದರೆ, ಒಬ್ಬರು ಬಿಟ್ಟುಹೋದ ಗಣಿಯನ್ನು ಇನ್ನೊಬ್ಬರು ತೆರೆಯಲು ಸಾಧ್ಯವಾದದ್ದೂ ಅದಕ್ಕೊಂದು ಕಾರಣ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಇಲ್ಲಿನ ಜನ ಆರುನೂರು ಅಡಿ ಆಳದವರೆಗೂ ಇಳಿದು ಅದಿರು ತೆಗೆದಿದ್ದರು. ಕಳೆದ ಶತಮಾನದ ಆರಂಭದಲ್ಲಿ ಬ್ರಿಟಿಷ್ ಬಂಡವಾಳದ ಕಂಪನಿ ಅದೇ ಜಾಗ ಹಿಡಿದು ಕೆಲವು ವರ್ಷ ಅಗೆದು ಕೈಬಿಟ್ಟಿತು. ಆಮೇಲೆ ನಿಜಾಮರ ಸರ್ಕಾರ ಅದನ್ನು ಮತ್ತೆ ತೆರೆಸಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. ಅದೇ ಇಂದಿನ ಹಟ್ಟಿ ಚಿನ್ನದ ಗಣಿ ಕಂಪನಿ. ಹಾಗೆಂದು ನಿಂತ ಗಣಿ ಯಾರಪ್ಪನದೂ ಅಲ್ಲ ಎಂದೇನಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೂ ಅಲ್ಲಿನ ಸೈನೈಡ್ ದಿಬ್ಬಕ್ಕೆ ಗುದ್ದಲಿ ಹಿಡಿದು ಹೋದವರ ಮೇಲೆ ಕೇಸು ಬೀಳುತ್ತದೆ. ಆದರೆ ಗಣಿ ಕಾನೂನಿಗೆ ಒಂದು ವಿವೇಕವಿದೆ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಗುತ್ತಿಗೆ ಪಡೆದವರು ಸತತ ಎರಡು ವರ್ಷ ಕೆಲಸ ನಿಲ್ಲಿಸಿದರೆ ಗುತ್ತಿಗೆ ಬಿದ್ದುಹೋಗುತ್ತದೆ. ತಕ್ಕ ಕಾರಣವಿದ್ದರೆ ಅರ್ಜಿ ಹಾಕಿ ಉಳಿಸಿಕೊಳ್ಳಬಹುದು; ಸುಮ್ಮನೆ ಹಿಡಿದಿಟ್ಟುಕೊಳ್ಳುವಂತಿಲ್ಲ. ಅದೇ 1957ರಲ್ಲಿ ಅದೇ ಸಂಸತ್ತು ಇನ್ನೊಂದು ಕಾಯ್ದೆಯನ್ನೂ ಮಾಡಿತು: ಕೃತಿಸ್ವಾಮ್ಯ ಕಾಯ್ದೆ. ಅದರಲ್ಲಿ ಈ ವಿವೇಕ ಇಲ್ಲ. ಆ ವಿವೇಕ ಇಲ್ಲದ್ದರ ಬಿಸಿ ಈಗ ತಟ್ಟುತ್ತಿರುವುದು ತಯಾರಕರೇ ಕೈಬಿಟ್ಟ ಆಪರೇಟಿಂಗ್ ಸಿಸ್ಟಂಗಳನ್ನು ನೆಚ್ಚಿಕೊಂಡವರಿಗೆ.

ಕಂಪ್ಯೂಟರ್ ಹಚ್ಚಿದ ಕೂಡಲೇ ಮೊದಲು ಎದ್ದು ಕೂತು, ಕೀಬೋರ್ಡ್, ಪ್ರಿಂಟರ್, ಹಾರ್ಡ್ ಡಿಸ್ಕ್‌ಗಳನ್ನೆಲ್ಲ ಕೆಲಸಕ್ಕೆ ಹಚ್ಚುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್, ಲಿನಕ್ಸ್, ಮೊಬೈಲಿನ ಆಂಡ್ರಾಯ್ಡ್ ಎಲ್ಲ ಈ ಜಾತಿಯವು. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ಎಕ್ಸ್‌ಪಿಯನ್ನು 2001ರಲ್ಲಿ ಮಾರುಕಟ್ಟೆಗೆ ತಂದಿತು, 2014ರ ಏಪ್ರಿಲ್ 8ರಂದು ಅದರ ಬೆಂಬಲ ನಿಲ್ಲಿಸಿತು. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ, ವಿಂಡೋಸ್ 10ರದು 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಬೆಂಬಲ, ಅಂದರೆ ದೋಷಗಳಿಗೆ ತೇಪೆ ಹಾಕುವ ಕೆಲಸ, ನಿಂತರೆ ಯಂತ್ರ ನಿಲ್ಲುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಂಥ ಊರುಗಳ ಡಿಟಿಪಿ ಕೆಲಸದ ಅಡಿಪಾಯ ಬಹುಕಾಲ ಒಂದೇ ಆಗಿತ್ತು: ಎಕ್ಸ್‌ಪಿ, ಅದರ ಮೇಲೆ ಪುಟ ಜೋಡಿಸುವ ಅಡೋಬ್ ಕಂಪನಿಯ ಪೇಜ್‌ಮೇಕರ್, ಅದರೊಳಗೆ ಕನ್ನಡ ಕೀಲಿಸಲು ನುಡಿ ಅಥವಾ ಶ್ರೀಲಿಪಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದೂ 2001ರಲ್ಲೇ. ಆಮೇಲೆ ಅಡೋಬ್ ಅದನ್ನು ಬೆಳೆಸಲಿಲ್ಲ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿ, ಊರ ಕವಿಯ ಮೊದಲ ಸಂಕಲನ, ಸ್ಥಳೀಯ ಪತ್ರಿಕೆಯ ಹಳೆಯ ಸಂಚಿಕೆಗಳು ಎಲ್ಲ ಆ ಜೋಡಣೆಯಲ್ಲೇ ಸಿದ್ಧವಾದವು. ಈಗ ಹಳೆಯ ಸಿಪಿಯು ಕೆಟ್ಟು, ಇನ್ನೊಂದು ಯಂತ್ರಕ್ಕೆ ಎಕ್ಸ್‌ಪಿ ಹಾಕಬೇಕೆಂದರೆ ಏನು ಮಾಡಬೇಕು? ಕೊಳ್ಳೋಣವೆಂದರೆ ಕಂಪನಿ ಮಾರುವುದಿಲ್ಲ. ಎಲ್ಲಿಂದಲೋ ಇಳಿಸಿಕೊಂಡರೆ ಕಳ್ಳ ಪ್ರತಿ. ದುಡ್ಡು ಕೊಡಲು ಸಿದ್ಧನಿರುವ ಪ್ರಾಮಾಣಿಕನಿಗೂ ಇಲ್ಲಿ ದಾರಿಯಿಲ್ಲ.

ಮಾರಾಟ ನಿಲ್ಲಿಸಿದ ಮೇಲೆ ಅದು ಎಲ್ಲರದು, ಯಾರೂ ಕೇಳುವುದಿಲ್ಲ ಎಂಬ ನಂಬಿಕೆ ಕಂಪ್ಯೂಟರ್ ರಿಪೇರಿಯವರಲ್ಲಿ ಬಲವಾಗಿದೆ. ಯಾರೂ ಕೇಳುವುದಿಲ್ಲ ಎಂಬುದು ಬಹುಮಟ್ಟಿಗೆ ನಿಜ, ಎಲ್ಲರದು ಎಂಬುದು ಸುಳ್ಳು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿಯಾಗಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಗಳ ಸಾಲಿಗೆ ಸೇರಿತು. ಕಾದಂಬರಿಗೆ ಏನು ರಕ್ಷಣೆಯೋ ವಿಂಡೋಸ್‌ಗೂ ಅದೇ. ಪ್ರಕಾಶಕರು ಮರುಮುದ್ರಣ ಮಾಡಲಿಲ್ಲವೆಂದು ಕಾದಂಬರಿಯ ಹಕ್ಕು ಹೋಗುವುದಿಲ್ಲವಲ್ಲ, ಹಾಗೆಯೇ ಇದೂ. ಹಕ್ಕು ಬಿಡಬೇಕೆಂದರೆ 21ನೇ ಕಲಂ ಪ್ರಕಾರ ಹಕ್ಕುದಾರರೇ ರಿಜಿಸ್ಟ್ರಾರ್‌ಗೆ ನೋಟಿಸು ಕೊಡಬೇಕು ಅಥವಾ ಸಾರ್ವಜನಿಕವಾಗಿ ಪ್ರಕಟಿಸಬೇಕು. ಬೆಂಬಲ ನಿಲ್ಲಿಸಿದೆವು ಎಂಬ ಪ್ರಕಟಣೆ ಅದಕ್ಕೆ ಸಮವಲ್ಲ. ಗೊತ್ತಿದ್ದೂ ಅಕ್ರಮ ಪ್ರತಿಯನ್ನು ಕಂಪ್ಯೂಟರಿನಲ್ಲಿ ಬಳಸಿದರೆ 63ಬಿ ಕಲಂ ಅಡಿ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕೆ ಬಳಸಿಲ್ಲದಿದ್ದರೆ ಜೈಲು ತಪ್ಪಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ಆದರೆ ಡಿಟಿಪಿ ಅಂಗಡಿ ವ್ಯಾಪಾರವೇ. ಈ ಕಲಂ ಬಳಕೆಯಲ್ಲಿರುವ ವಿಂಡೋಸ್‌ಗೂ ಹತ್ತು ವರ್ಷದ ಹಿಂದೆ ಕೈಬಿಟ್ಟ ವಿಂಡೋಸ್‌ಗೂ ಭೇದ ಮಾಡುವುದಿಲ್ಲ.

ಕೊಂಡವನ ಕೈಯಲ್ಲಿ ಇರುವುದಾದರೂ ಏನು? ಡಬ್ಬಿಯಲ್ಲಿ ಮಾರುವ ತಂತ್ರಾಂಶ ಮಾರಾಟದ ಸರಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಪ್ರಕರಣದಲ್ಲಿ ಹೇಳಿತು. ವಿದೇಶಿ ತಂತ್ರಾಂಶಕ್ಕೆ ಕೊಡುವ ಹಣ ರಾಯಧನ ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ಕೊಟ್ಟಿದ್ದ ತೀರ್ಪನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಕೊಂಡವನಿಗೆ ಸಿಗುವುದು ಕೃತಿಯ ಒಂದು ಪ್ರತಿ, ಕೃತಿಸ್ವಾಮ್ಯದ ಯಾವ ಪಾಲೂ ಅಲ್ಲ ಎಂದಿತು. ತೆರಿಗೆಯ ಜಗಳದಲ್ಲಿ ಬಂದ ಮಾತಾದರೂ ನಮ್ಮ ವಿಷಯಕ್ಕೂ ಅದು ಸಲ್ಲುತ್ತದೆ. ಸಿಡಿ ನಿಮ್ಮದು, ಅದರ ಮೇಲಿನ ಕೃತಿ ನಿಮ್ಮದಲ್ಲ. ಇದ್ದ ಪ್ರತಿಯನ್ನು ಕಾಪಾಡಿಕೊಳ್ಳಲು ಮಾತ್ರ ಕಾಯ್ದೆ ಒಂದಷ್ಟು ಜಾಗ ಬಿಟ್ಟಿದೆ. 52ನೇ ಕಲಂ ಪ್ರಕಾರ ಕಾನೂನುಬದ್ಧ ಪ್ರತಿಯುಳ್ಳವರು ಹಾಳಾದೀತೆಂಬ ಭಯಕ್ಕೆ ಬ್ಯಾಕಪ್ ಮಾಡಿಟ್ಟುಕೊಳ್ಳಬಹುದು; ಪ್ರೋಗ್ರಾಂ ಹೇಗೆ ನಡೆಯುತ್ತದೆಂದು ಪರೀಕ್ಷಿಸಿ ಅರಿಯಬಹುದು. ಆದರೆ ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್‌ನ ಲೈಸೆನ್ಸ್ ಆ ಯಂತ್ರಕ್ಕೆ ಅಂಟಿದ್ದು. ಸಿಪಿಯು ಡಬ್ಬಿಯ ಪಕ್ಕಕ್ಕೆ ಅಂಟಿಸಿದ, ಇಪ್ಪತ್ತೈದು ಅಕ್ಷರ-ಅಂಕಿಗಳ ಕೀ ಇರುವ ಆ ಪುಟ್ಟ ಚೀಟಿ ಅದರ ಗುರುತು. ಮದರ್‌ಬೋರ್ಡ್ ಸುಟ್ಟರೆ ಸಾಮಾನ್ಯವಾಗಿ ಲೈಸೆನ್ಸೂ ಅದರೊಂದಿಗೇ ಹೋಯಿತು. ಎಕ್ಸ್‌ಪಿಯಿಂದಾಚೆಗೆ ಆಕ್ಟಿವೇಶನ್ ಎಂಬ ಬೀಗವೂ ಬಂದದ್ದರಿಂದ, ನ್ಯಾಯವಾಗಿ ಕೊಂಡ ಪ್ರತಿಯನ್ನೂ ಮರಳಿ ಹಾಕುವಾಗ ಕಂಪನಿಯ ಒಪ್ಪಿಗೆ ಬೇಕು.

ಈ ಹಕ್ಕು ಎಲ್ಲಿಯವರೆಗೆ? ಅಮೆರಿಕದಲ್ಲಿ ಕಂಪನಿಯ ನೌಕರರು ಮಾಡಿದ ಕೃತಿಗೆ ಪ್ರಕಟವಾದಂದಿನಿಂದ 95 ವರ್ಷ. ವಿದೇಶಿ ಕೃತಿಗೆ ತವರಿನಲ್ಲಿರುವುದಕ್ಕಿಂತ ಹೆಚ್ಚಿನ ಅವಧಿಯನ್ನು ನಾವು ಕೊಡುವುದಿಲ್ಲವಾದ್ದರಿಂದ ಎಕ್ಸ್‌ಪಿಯ ಲೆಕ್ಕ 2096ಕ್ಕೆ ನಿಲ್ಲುತ್ತದೆ. ಹದಿಮೂರು ವರ್ಷ ನೋಡಿಕೊಂಡ ಸರಕಿಗೆ ತೊಂಬತ್ತೈದು ವರ್ಷದ ಬೇಲಿ! ನಮ್ಮ ದೇಶದಲ್ಲೇ ಆದ ಪ್ರೋಗ್ರಾಂ ಆಗಿದ್ದರೆ ಬರೆದವರ ಆಯುಸ್ಸು, ಅದರ ಮೇಲೆ 60 ವರ್ಷ. ಹಲವರು ಕೂಡಿ ಬರೆದಿದ್ದರೆ ಕೊನೆಗೆ ತೀರಿಕೊಂಡವರಿಂದ ಎಣಿಕೆ. ಮೊದಲು 50 ಇದ್ದದ್ದು 60 ಆದದ್ದು ಕಂಪ್ಯೂಟರಿನ ಕಾರಣಕ್ಕಲ್ಲ. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ ಹಕ್ಕು 1991ಕ್ಕೆ ಮುಗಿಯುವುದಿತ್ತು, ಆಗ ಅವರ ವಿಶ್ವಭಾರತಿ ವಿಶ್ವವಿದ್ಯಾಲಯಕ್ಕಾಗಿ ಹಿಗ್ಗಿಸಿದ್ದು. ಗೀತಾಂಜಲಿಯನ್ನು ನೂರು ವರ್ಷದ ಮೇಲೂ ಓದುತ್ತಾರೆ, ಅಚ್ಚು ಹಾಕುತ್ತಾರೆ, ಅದರಿಂದ ದುಡ್ಡೂ ಬರುತ್ತದೆ. ಹಳೆಯ ಆಪರೇಟಿಂಗ್ ಸಿಸ್ಟಂಗೆ ಅದೇ ಅಳತೆ ಹಿಡಿದರೆ, ಹಕ್ಕು ಮುಗಿಯುವ ಹೊತ್ತಿಗೆ ಅದನ್ನು ಓದಬಲ್ಲ ಯಂತ್ರವೂ ಉಳಿದಿರುವುದಿಲ್ಲ, ಸಿಡಿಯೂ ಉಳಿದಿರುವುದಿಲ್ಲ.

ಹಕ್ಕುದಾರರಿಗೆ ತಮ್ಮ ಸರಕನ್ನು ಮಾರದೆ ಇಟ್ಟುಕೊಳ್ಳುವ ಸ್ವಾತಂತ್ರ್ಯವೂ ಇರಬೇಕಲ್ಲವೇ ಎಂದು ಕೇಳಬಹುದು. ಬೇರೆ ಕೃತಿಗಳ ಮಟ್ಟಿಗೆ ಈ ಪ್ರಶ್ನೆಯಲ್ಲಿ ತೂಕವಿದೆ. ಆಪರೇಟಿಂಗ್ ಸಿಸ್ಟಂನ ಸಂಗತಿ ಬೇರೆ, ಅದು ತನ್ನಷ್ಟಕ್ಕೆ ತಾನಿರುವ ಕೃತಿಯಲ್ಲ, ಬೇರೆಯವರ ಕೃತಿಗಳ ಬಾಗಿಲು. ಇದನ್ನು ಕನ್ನಡದವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿಯಂಥ ತಂತ್ರಾಂಶಗಳು ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ‘ಕನ್ನಡ’ ಎಂದು ಕೀಲಿಸಿದರೆ ಕಡತದಲ್ಲಿ ಉಳಿಯುತ್ತಿದ್ದದ್ದು ಇದು: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಯಾವ ಭಾಷೆಯೂ ಅಲ್ಲ. ಬರಿಯ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ, ಪುಕ್ಕಟೆಯೇ ಸಿಗುತ್ತವೆ. ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಕೆಟ್ಟರೂ ತಿದ್ದಿಕೊಳ್ಳಬಹುದು. ಆದರೆ ಪುಟದ ಅಂದ, ಚಿತ್ರ ಕೂತ ಜಾಗ, ಅಡಿಟಿಪ್ಪಣಿ, ಕೋಷ್ಟಕ ಎಲ್ಲ ಪೇಜ್‌ಮೇಕರ್ ಕಡತದೊಳಗೆ ಇವೆ. ಪೇಜ್‌ಮೇಕರ್‌ಗೆ ಹಳೆಯ ವಿಂಡೋಸ್ ಬೇಕು. ಕೆಲವು ಕನ್ನಡ ತಂತ್ರಾಂಶಗಳಿಗೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ‘ಲಾಕ್’ ಎಂಬ ಡಾಂಗಲ್ ಬೇರೆ ಬೇಕಿತ್ತು. ಆ ಪೋರ್ಟೇ ಈಗಿನ ಯಂತ್ರಗಳಲ್ಲಿ ಇಲ್ಲ. ಹೀಗೆ ಒಂದರ ಮೇಲೊಂದು ಕುಳಿತ ಸರಪಳಿಯ ಕಟ್ಟಕಡೆಯಲ್ಲಿ ಒಬ್ಬ ಲೇಖಕನ ಪುಸ್ತಕವಿದೆ. ಅದರ ಕೃತಿಸ್ವಾಮ್ಯ ಅವನದು, ಅದರಲ್ಲಿ ಮೈಕ್ರೋಸಾಫ್ಟ್‌ಗೆ ಕಾಸಿನ ಪಾಲಿಲ್ಲ. ಆದರೂ ತನ್ನ ಪುಟವನ್ನು ತಾನು ತೆರೆಯಲು ಅವನಿಗೆ ಯಾರೂ ಮಾರದ ಲೈಸೆನ್ಸ್ ಬೇಕು. ಒಬ್ಬರ ನಿಂತುಹೋದ ಹಕ್ಕು ಸಾವಿರಾರು ಜನರ ಚಾಲ್ತಿಯಲ್ಲಿರುವ ಹಕ್ಕಿಗೆ ಅಡ್ಡಗಟ್ಟಿ ನಿಂತಿದೆ ಎಂಬುದೇ ನನ್ನ ತಕರಾರು.

ಕಾಯ್ದೆಯಲ್ಲಿ ಪರಿಹಾರವೇ ಇಲ್ಲವೆಂದಲ್ಲ. 31ನೇ ಕಲಂ ಪ್ರಕಾರ, ಪ್ರಕಟವಾದ ಕೃತಿಯ ಮರುಪ್ರಕಟಣೆಗೆ ಹಕ್ಕುದಾರರು ನಿರಾಕರಿಸಿ ಅದು ಜನರ ಕೈಗೆ ಸಿಗದಂತಾದರೆ, ಕಡ್ಡಾಯ ಪರವಾನಗಿ ಕೇಳಬಹುದು. ಹಕ್ಕುದಾರರು ಪತ್ತೆಯೇ ಇಲ್ಲದಿದ್ದರೆ 31ಎ ಇದೆ; ಅದಕ್ಕೆ ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಇವನ್ನು ವಿಚಾರಿಸಲೆಂದು ಇದ್ದ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಗಿ ಆ ಕೆಲಸ ನ್ಯಾಯಾಲಯಗಳ ಪಾಲಿಗೆ ಬಂದಿದೆ. ಮಸ್ಕಿಯ ಪ್ರೆಸ್ಸಿನವರು ಒಂದು ಹಳೆಯ ವಿಂಡೋಸ್‌ಗಾಗಿ ಅಮೆರಿಕದ ಕಂಪನಿಗೆ ಪತ್ರ ಬರೆದು, ನಿರಾಕರಣೆಗೆ ಕಾದು, ವಕೀಲರನ್ನು ಹಿಡಿದು ಕಟಕಟೆ ಹತ್ತುತ್ತಾರೆಂದು ನಂಬುವುದು ಕಷ್ಟ. ಗ್ರಂಥಾಲಯಗಳಿಗೆ ಕೊಟ್ಟ ವಿನಾಯಿತಿಯಂತೂ ಇನ್ನೂ ವಿಚಿತ್ರ. 2012ರ ತಿದ್ದುಪಡಿಯಂತೆ ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯವು ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು, ಆದರೆ ಡಿಜಿಟಲ್ ಅಲ್ಲದ ಪ್ರತಿ ಅದರ ಬಳಿ ಮೊದಲೇ ಇರಬೇಕು. ಪುಸ್ತಕಕ್ಕೆ ಈ ಷರತ್ತು ಸರಿ. ಹುಟ್ಟಿದ್ದೇ ಡಿಜಿಟಲ್ ಆಗಿರುವ ಆಪರೇಟಿಂಗ್ ಸಿಸ್ಟಂನ ಕಾಗದದ ಪ್ರತಿಯನ್ನು ಎಲ್ಲಿಂದ ತರುವುದು?

ಕಂಪನಿಗಳೇ ಔದಾರ್ಯ ತೋರಿಸುತ್ತಿವೆಯಲ್ಲ ಎನ್ನುವವರೂ ಇದ್ದಾರೆ. ತೋರಿಸಿವೆ, ನಿಜ. ವಿಂಡೋಸ್‌ಗಿಂತ ಹಿಂದಿನ ಎಂಎಸ್-ಡಾಸ್‌ನ ಮೊದಲ ಆವೃತ್ತಿಗಳ ಮೂಲಸಂಕೇತವನ್ನು (ಸೋರ್ಸ್ ಕೋಡ್) ಮೈಕ್ರೋಸಾಫ್ಟ್ 2014ರಲ್ಲಿ ಅಮೆರಿಕದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದ ಮೂಲಕ ತೋರಿಸಿತು, 2018ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟಿತು. 2024ರಲ್ಲಿ ನಾಲ್ಕನೇ ಆವೃತ್ತಿಯನ್ನೂ ಬಿಟ್ಟುಕೊಟ್ಟಿತು. ಆದರೆ ಔದಾರ್ಯ ನೆಚ್ಚಿ ಕೂತರೆ ಏನಾಗುತ್ತದೆಂಬುದಕ್ಕೆ ಡಾಸ್‌ಗಿಂತ ಹಿಂದಿನ ಸಿಪಿ/ಎಂ ಕಥೆ ನೋಡಬೇಕು. ಅದನ್ನು ಮಾಡಿದ ಗ್ಯಾರಿ ಕಿಲ್ಡಾಲ್‌ನ ಡಿಜಿಟಲ್ ರಿಸರ್ಚ್ ಕಂಪನಿ 1991ರಲ್ಲಿ ನೊವೆಲ್ ಕಂಪನಿಗೆ ಹೋಯಿತು, ಹಕ್ಕು 1996ರಲ್ಲಿ ಕಾಲ್ಡೆರಾಗೆ, ಅಲ್ಲಿಂದ ಲಿನಿಯೊಗೆ ದಾಟಿತು. 2001ರಲ್ಲಿ ಟಿಮ್ ಓಲ್ಮ್‌ಸ್ಟೆಡ್ ಎಂಬ ಉತ್ಸಾಹಿಗೆ ಅದನ್ನು ಹಂಚುವ ಅನುಮತಿ ಸಿಕ್ಕಿತು. ಅದೇ ವರ್ಷ ಆತ ತೀರಿಕೊಂಡ. ಅನುಮತಿ ಅವನೊಬ್ಬನಿಗೋ ಎಲ್ಲರಿಗೋ ಎಂಬ ಗೊಂದಲ ಇಪ್ಪತ್ತು ವರ್ಷ ಉಳಿದು, 2022ರಲ್ಲಿ ಹಕ್ಕುದಾರರು ‘ಎಲ್ಲರಿಗೂ’ ಎಂದು ಸ್ಪಷ್ಟಪಡಿಸಿದ ಮೇಲೆ ಬಗೆಹರಿಯಿತು. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನದು ಇನ್ನೂ ಸೋಜಿಗ. ಅದರ ಪುರಾತನ ಆವೃತ್ತಿಗಳನ್ನು 2002ರಲ್ಲಿ ಕಾಲ್ಡೆರಾ ಮುಕ್ತ ಮಾಡಿತು. ಆಮೇಲೆ ನಡೆದ ದಾವೆಯಲ್ಲಿ ಯೂನಿಕ್ಸ್‌ನ ಕೃತಿಸ್ವಾಮ್ಯ ಕಾಲ್ಡೆರಾ ಕಡೆಗೆ ಹೋಗಿರಲೇ ಇಲ್ಲ, ನೊವೆಲ್ ಬಳಿಯೇ ಉಳಿದಿತ್ತು ಎಂದು 2010ರಲ್ಲಿ ಜ್ಯೂರಿ ತೀರ್ಮಾನಿಸಿತು. ದಾನ ಕೊಟ್ಟವನಿಗೆ ಆ ಸೊತ್ತಿನ ಮೇಲೆ ಹಕ್ಕಿತ್ತೇ ಎಂಬುದೇ ಪ್ರಶ್ನೆಯಾಯಿತು! ನಿಂತ ತಂತ್ರಾಂಶದ ಹಕ್ಕು ಕಂಪನಿಯಿಂದ ಕಂಪನಿಗೆ ಗಂಟಿನೊಳಗಿನ ಗಂಟಾಗಿ ಸಾಗುತ್ತದೆ. ಕೊನೆಗೆ ಹಿಡಿದವರಿಗೇ ತಮ್ಮ ಕೈಯಲ್ಲಿ ಏನಿದೆಯೆಂದು ತಿಳಿದಿರುವುದಿಲ್ಲ.

ಹಾಗಾದರೆ ಗಣಿ ಗುತ್ತಿಗೆಯಂತೆ ಇದನ್ನೂ ಎರಡು ವರ್ಷಕ್ಕೆ ಬೀಳಿಸಿಬಿಡೋಣವೇ? ಆಗುವುದಿಲ್ಲ. ಕೃತಿಸ್ವಾಮ್ಯ ಆಸ್ತಿ, ಗುತ್ತಿಗೆಯಲ್ಲ ಎಂಬ ಆಕ್ಷೇಪ ನನಗೆ ದೊಡ್ಡದಾಗಿ ಕಾಣುವುದಿಲ್ಲ. ಕಾಯ್ದೆಯ 16ನೇ ಕಲಮೇ ಈ ಕಾಯ್ದೆಯಿಂದಲ್ಲದೆ ಬೇರೆ ಯಾವ ಕೃತಿಸ್ವಾಮ್ಯವೂ ಇಲ್ಲ ಎನ್ನುತ್ತದೆ. ಅಂದರೆ ಇದೂ ಸಂಸತ್ತು ಅವಧಿ ಗೊತ್ತುಮಾಡಿ ಕೊಟ್ಟದ್ದೇ. ನಿಜವಾದ ಅಡ್ಡಿ ಒಪ್ಪಂದಗಳದು. ಭಾರತ ಕೃತಿಸ್ವಾಮ್ಯದ ಬರ್ನ್ ಒಪ್ಪಂದಕ್ಕೆ, ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದಕ್ಕೆ ಸಹಿ ಹಾಕಿದೆ. ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಯೆಂದೇ ಕಾಣಬೇಕು, ಕನಿಷ್ಠ ಅವಧಿಯನ್ನು ಮೊಟಕು ಮಾಡಬಾರದು ಎಂಬುದು ಅಲ್ಲಿನ ಕಟ್ಟಳೆ. ಆದರೆ ಅದೇ ಒಪ್ಪಂದಗಳು ವಿನಾಯಿತಿಗೆ ಅವಕಾಶ ಕೊಟ್ಟಿವೆ: ಅದು ನಿರ್ದಿಷ್ಟ ಸಂದರ್ಭಕ್ಕೆ ಸೀಮಿತವಾಗಿರಬೇಕು, ಕೃತಿಯ ಸಹಜ ವ್ಯಾಪಾರಕ್ಕೆ ಧಕ್ಕೆ ತರಬಾರದು, ಹಕ್ಕುದಾರರಿಗೆ ಅಕಾರಣ ನಷ್ಟ ಮಾಡಬಾರದು. ಮಾರುವವರೇ ಅಂಗಡಿ ಮುಚ್ಚಿದ ಮೇಲೆ ಯಾವ ವ್ಯಾಪಾರಕ್ಕೆ ಧಕ್ಕೆ? ಐರೋಪ್ಯ ಒಕ್ಕೂಟ ಈ ಕಿಂಡಿಯಿಂದಲೇ ದಾರಿ ಮಾಡಿಕೊಂಡಿತು. ಅದರ 2019ರ ನಿರ್ದೇಶನದಂತೆ, ವ್ಯಾಪಾರದಿಂದ ಹೊರಬಿದ್ದ ಕೃತಿಗಳನ್ನು, ಪ್ರೋಗ್ರಾಂಗಳೂ ಸೇರಿ, ಗ್ರಂಥಾಲಯ ಮತ್ತು ಸಂಗ್ರಹಾಲಯಗಳು ಲಾಭದಾಸೆಯಿಲ್ಲದೆ ಜನರಿಗೆ ಒದಗಿಸಬಹುದು. ಅದಕ್ಕೆ ಆರು ತಿಂಗಳು ಮುಂಚೆ ಸಾರ್ವಜನಿಕವಾಗಿ ಪ್ರಕಟಿಸಬೇಕು. ಹಕ್ಕುದಾರರು ಬಂದು ‘ಬೇಡ’ ಎಂದರೆ ಯಾವಾಗ ಬೇಕಾದರೂ ಹಿಂದೆಗೆಯಬೇಕು. ಹಕ್ಕು ಉಳಿಯಿತು, ಮೌನದ ಭಾರ ಮಾತ್ರ ಈ ಕಡೆಯಿಂದ ಆ ಕಡೆಗೆ ಹೋಯಿತು. ಗಣಿ ಗುತ್ತಿಗೆಯಲ್ಲೂ ಇರುವುದು ಇದೇ ತತ್ವ: ಉಳಿಸಿಕೊಳ್ಳಬೇಕೆನ್ನುವವರು ಬಾಯಿ ಬಿಟ್ಟು ಕೇಳಬೇಕು.

ಭದ್ರತೆಯ ಮಾತು ಬಾರದೆ ಇರುವುದಿಲ್ಲ. ಹಳೆಯ ವಿಂಡೋಸ್ ವೈರಸ್ಸುಗಳಿಗೆ ಹಬ್ಬ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶದ ಹಾವಳಿ ಎದ್ದಾಗ, ಮೂರು ವರ್ಷದ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತು ತೇಪೆ ಹಾಕಬೇಕಾಯಿತು. ಅಪಾಯ ನಿಜವೇ. ಆದರೆ ಅಪಾಯ ಇರುವುದು ಇಂಟರ್ನೆಟ್ ತಂತಿಯಲ್ಲಿ. ತಂತಿ ಕಿತ್ತ ಯಂತ್ರದಲ್ಲೋ, ಹೊಸ ಕಂಪ್ಯೂಟರಿನೊಳಗೆ ಹಳೆಯದನ್ನು ಅನುಕರಿಸುವ ವರ್ಚುವಲ್ ಯಂತ್ರದಲ್ಲೋ ಕಡತ ತೆರೆದು ಬೇರೆ ರೂಪಕ್ಕೆ ತಿರುಗಿಸಿಕೊಂಡರೆ ಊರಿಗೇನೂ ಕೇಡಿಲ್ಲ. ಅಲ್ಲದೆ ಕೃತಿಸ್ವಾಮ್ಯ ಎಂದೂ ವೈರಸ್ ತಡೆಯುವ ಕಾನೂನಾಗಿರಲಿಲ್ಲ. ಹಳೆಯದರ ತುಂಡುಗಳು ಹೊಸ ವಿಂಡೋಸ್‌ನಲ್ಲೂ ಇವೆ, ಬಿಟ್ಟುಕೊಟ್ಟರೆ ಗುಟ್ಟು ರಟ್ಟಾಗುತ್ತದೆ ಎಂಬ ಇನ್ನೊಂದು ವಾದವನ್ನು ನಾನು ಒಪ್ಪುತ್ತೇನೆ. ಅದಕ್ಕೇ ಮೂಲಸಂಕೇತ ಕೇಳುತ್ತಿಲ್ಲ. 2020ರಲ್ಲಿ ಎಕ್ಸ್‌ಪಿಯ ಮೂಲಸಂಕೇತ ಸೋರಿಕೆಯಾಯಿತು, ಆದರೆ ಸೋರಿದ್ದು ಪರವಾನಗಿಯಾಗುವುದಿಲ್ಲ. ಕೇಳುವುದು ನಡೆಯುವ ಪ್ರತಿಯನ್ನು ಇಟ್ಟುಕೊಳ್ಳುವ, ಹಾಕಿಕೊಳ್ಳುವ ಅನುಮತಿಯಷ್ಟೇ. ಇನ್ನು ಮುಕ್ತವಾದ ಲಿನಕ್ಸ್ ಇದೆ, ಡಾಸ್‌ಗೆ ಬದಲಾಗಿ 1994ರಿಂದ ಫ್ರೀಡಾಸ್ ಇದೆ, ಅವಕ್ಕೇ ಹೋಗಬಾರದೇ ಎಂದರೆ, ಹೊಸ ಕೆಲಸಕ್ಕೆ ಖಂಡಿತ ಹೋಗಬೇಕು. ಹಿಂದಿನ ಕಡತಕ್ಕೆ ಆ ಉತ್ತರ ಸಾಲದು.

ದಿಲ್ಲಿಯಲ್ಲಿ ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲದ ಕೆಲಸವೊಂದು ಬೆಂಗಳೂರಿನಲ್ಲಿದೆ. ಕಾಯ್ದೆಯ ಪ್ರಕಾರ ಸರ್ಕಾರದ ಕೃತಿಗೂ ಸರ್ಕಾರಿ ಉದ್ಯಮಗಳ ಕೃತಿಗೂ ಪ್ರಕಟಣೆಯಿಂದ 60 ವರ್ಷ ಹಕ್ಕುಂಟು. ಸರ್ಕಾರವೇ ದುಡ್ಡು ಕೊಟ್ಟು ಮಾಡಿಸಿದ ತಂತ್ರಾಂಶ, ಫಾಂಟು, ಪರಿವರ್ತಕಗಳು ಪುಕ್ಕಟೆ ಸಿಗುತ್ತವೆಂಬುದು ಸಾಲದು. ಪುಕ್ಕಟೆ ಸಿಕ್ಕಿದ್ದನ್ನು ತಿದ್ದಲು, ಹೊಸ ಯಂತ್ರಕ್ಕೆ ಹೊಂದಿಸಲು, ಮರಳಿ ಹಂಚಲು ಲಿಖಿತ ಪರವಾನಗಿ ಬೇಕು. ಇಲ್ಲವಾದರೆ ಅದೂ ಒಂದು ದಿನ ಎಕ್ಸ್‌ಪಿಯ ಪಕ್ಕದಲ್ಲೇ ಹೋಗಿ ಕೂರುತ್ತದೆ. ಮಾದರಿಗೆ ದೂರ ಹೋಗಬೇಕಿಲ್ಲ. ಕೇದಗೆ, ಮಲ್ಲಿಗೆ ಎಂಬ ಕನ್ನಡ ಫಾಂಟುಗಳು ಬಹಳ ಹಿಂದೆಯೇ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಬಂದವು. 2014ರಲ್ಲಿ ನಿರಂಜನರ ಪುಸ್ತಕಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಹಾಗೆಯೇ ಬಿಟ್ಟಿತು. ಹಕ್ಕನ್ನು ಯಾರೂ ಕಳೆದುಕೊಳ್ಳಲಿಲ್ಲ. ಹೆಸರು ಹೇಳಿ ಬಳಸಿ, ಬಳಸಿದ್ದನ್ನು ಇದೇ ಷರತ್ತಿನಲ್ಲಿ ಹಂಚಿ ಎಂದು ಬರೆದುಕೊಟ್ಟರು. ಇಂಥದ್ದನ್ನು ಟೆಂಡರಿನ ಕರಾರಿನಲ್ಲೇ ಸೇರಿಸಬಹುದು: ಸರ್ಕಾರದ ಹಣದಲ್ಲಿ ಆಗುವ ಯಾವುದೇ ಕನ್ನಡ ತಂತ್ರಾಂಶದ ಮೂಲಸಂಕೇತವನ್ನು ಇಲಾಖೆಗೆ ಒಪ್ಪಿಸಬೇಕು, ಬೆಂಬಲ ನಿಲ್ಲಿಸಿದ ದಿನದಿಂದ ಅದು ಮುಕ್ತ ಪರವಾನಗಿಗೆ ಒಳಪಡಬೇಕು. ಅದಕ್ಕೆ ಸಂಸತ್ತು ಬೇಡ, ಬರ್ನ್ ಒಪ್ಪಂದ ಅಡ್ಡ ಬರುವುದಿಲ್ಲ. ಒಂದು ಸುತ್ತೋಲೆ ಸಾಕು.